ಚಿಲ್ಲರೆ ವ್ಯಾಪಾರದ ಅಳಿವು-ಉಳಿವು: ಬೆಳಗಾವಿ, ಖಾನಾಪುರ ಪೇಟೆಗಳ ಪಾಠ

ಒಂದೇ ಗಲ್ಲಿಯಲ್ಲಿ ಒಂದೇ ಬಗೆಯ ಸರಕು ಮಾರುವ ಎರಡು ಅಂಗಡಿಗಳ ಪೈಕಿ ಒಂದು ತಲೆಮಾರುಗಳ ಕಾಲ ಬಾಳುತ್ತದೆ. ಮತ್ತೊಂದು ವರ್ಷದೊಳಗೆ ಬಾಗಿಲು ಮುಚ್ಚುತ್ತದೆ. ಬಂಡವಾಳ, ಸ್ಥಳ, ಬೆಲೆ ಎಲ್ಲವೂ ಇದಕ್ಕೆ ಕಾರಣಗಳೇ. ಆದರೆ ಅವುಗಳಿಗಿಂತ ಮುಖ್ಯವಾದ ಅಂಶವೊಂದಿದೆ. ಹಣ ಕೊಡುವ ಮುನ್ನ ಗಿರಾಕಿಯ ಮನಸ್ಸಿನಲ್ಲಿ ಮೂಡುವ ಅಳುಕನ್ನು ಅರಿತು ನಿವಾರಿಸುವ ಅಂಗಡಿ ನಿಲ್ಲುತ್ತದೆ, ಅರಿಯದ್ದು ಕುಸಿಯುತ್ತದೆ.

ಸೈಕಲ್ ಅಂಗಡಿಯ ನಿದರ್ಶನ

ಇದಕ್ಕೆ ಬೆಳಗಾವಿಯಲ್ಲಿಯೇ ಹಳೆಯ ನಿದರ್ಶನವಿದೆ. ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೋದರನೊಡನೆ ಆರಂಭಿಸಿದ್ದು ಸೈಕಲ್ ವ್ಯಾಪಾರ. ಲಕ್ಷ್ಮಣರಾವ್ ಮುಂಬಯಿಯಿಂದ ಸೈಕಲ್ ಕಳುಹಿಸುತ್ತಿದ್ದರು. ಸೋದರ ರಾಮುಅಣ್ಣ ಬೆಳಗಾವಿಯಲ್ಲಿ ಮಾರುತ್ತಿದ್ದರು. ಅಂದು ಸೈಕಲ್ ದುಬಾರಿ ವಸ್ತು. ಸವಾರಿ ಬಲ್ಲವರೂ ವಿರಳ. ಆದ್ದರಿಂದ 15 ರೂಪಾಯಿ ಶುಲ್ಕ ಪಡೆದು ಸವಾರಿಯನ್ನೂ ಕಲಿಸಲಾಗುತ್ತಿತ್ತು. ಕಲಿತವನಿಗೆ ಕೊಳ್ಳುವ ಧೈರ್ಯ ತಾನಾಗಿಯೇ ಬರುತ್ತಿತ್ತು.

ಮುಂದೆ ಇದೇ ಸೋದರರು ಕಬ್ಬಿಣದ ನೇಗಿಲು ತಯಾರಿಸಿದಾಗ ಅನುಭವ ಬೇರೆಯಾಯಿತು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂಬ ನಂಬಿಕೆ ರೈತರಲ್ಲಿತ್ತು. ಮೊದಲ ಗಿರಾಕಿ ದೊರೆಯಲು ಎರಡು ವರ್ಷಗಳೇ ಹಿಡಿದವು. ಸರಕು ಉತ್ತಮವಾಗಿದ್ದರೂ ಅಳುಕು ನೀಗುವವರೆಗೆ ಮಾರಾಟವಿಲ್ಲ ಎಂಬುದು ಇದರಿಂದ ಸ್ಪಷ್ಟ. 1910ರಲ್ಲಿ ಉದ್ಯಮ ಔಂಧ್ ಸಂಸ್ಥಾನದ ಕಿರ್ಲೋಸ್ಕರವಾಡಿಗೆ ಸ್ಥಳಾಂತರಗೊಂಡಿತು. ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಆ ಹೆಸರನ್ನು ಉಳಿಸಿಕೊಂಡಿದೆ.

ಎರಡು ಪೇಟೆ, ಎರಡು ಬಗೆ

ಬೆಳಗಾವಿ ನಗರದ ಖಡೇಬಜಾರ್, ಗಣಪತ್ ಗಲ್ಲಿ, ಮಾರುತಿ ಗಲ್ಲಿಗಳ ಬಲವೆಂದರೆ ಆಯ್ಕೆಯ ವೈವಿಧ್ಯ. ಅಕ್ಕಪಕ್ಕದಲ್ಲಿ ಹತ್ತು ಬಟ್ಟೆ ಅಂಗಡಿಗಳಿದ್ದರೆ ಗಿರಾಕಿಗಳು ಹೆಚ್ಚುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ. ಆದರೆ ಆ ಹತ್ತರಲ್ಲಿ ಒಂದಾಗಿ ನೆನಪಿನಲ್ಲಿ ಉಳಿಯಬೇಕಾದರೆ ವಿಶೇಷವೊಂದಿರಬೇಕು. ಶಹಾಪುರದ ಹೆಸರು ಸೀರೆಯೊಡನೆ, ನಗರದ ಹೆಸರು ಕುಂದಾದೊಡನೆ ಬೆಸೆದುಕೊಂಡಿರುವುದು ಇದಕ್ಕೆ ಸಾಕ್ಷಿ. ಗೋವಾ, ಮಹಾರಾಷ್ಟ್ರಗಳಿಂದಲೂ ಗಿರಾಕಿಗಳು ಬರುವ ಈ ಗಡಿನಗರದಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಮಾತುಗಳಿಗೆ ಉತ್ತರಿಸಬಲ್ಲ ಮಾರಾಟಗಾರನೇ ಅಂಗಡಿಯ ಆಸ್ತಿ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ವಿಧಿಸಿದೆ.

ಇಲ್ಲಿಂದ ಸುಮಾರು 26 ಕಿ.ಮೀ. ದೂರದ ಖಾನಾಪುರದ ಸ್ಥಿತಿ ಬೇರೆ. ಮಲಪ್ರಭೆಯ ದಡದ ಈ ಪಟ್ಟಣಕ್ಕೆ ಬರುವವರು ಬಹುಪಾಲು ಪಶ್ಚಿಮ ಘಟ್ಟದ ಸೆರಗಿನ ಹಳ್ಳಿಗಳ ಕೃಷಿಕರು. ಮದುವೆಯ ಜವಳಿಗೆ ಬೆಳಗಾವಿಯ ಬಸ್ಸು ಹತ್ತುವ ಗಿರಾಕಿಯನ್ನು ಇಲ್ಲಿನ ವ್ಯಾಪಾರಿ ತಡೆಯಲಾರ. ಆದರೆ ಮಳೆಗಾಲಕ್ಕೆ ಮುನ್ನ ತಾಡಪತ್ರಿ, ಕೊಡೆ, ಬಿತ್ತನೆ ಬೀಜ, ಪಂಪಿನ ಬಿಡಿಭಾಗ ಇವು ಕೈಗೆ ಸಿಗುವಂತಿದ್ದರೆ ಅದೇ ಗಿರಾಕಿ ಬೇರೆಡೆ ಹೋಗುವುದಿಲ್ಲ. ನಗರದ ಅಂಗಡಿಯ ಅನುಕರಣೆ ಇಲ್ಲಿ ಸೋಲುತ್ತದೆ. ಋತುವಿನ ಅರಿವು ಗೆಲ್ಲುತ್ತದೆ.

ಉದ್ರಿ ಮತ್ತು ರಿಯಾಯಿತಿಯ ಲೆಕ್ಕ

ಗಲ್ಲಾ ಪೆಟ್ಟಿಗೆ ತುಂಬಿದ್ದರೂ ಅಂಗಡಿ ಮುಳುಗುವುದುಂಟು. 80 ರೂಪಾಯಿಗೆ ತಂದ ವಸ್ತುವನ್ನು 100ಕ್ಕೆ ಮಾರಿದರೆ ಬಾಡಿಗೆ, ಕೂಲಿ, ವಿದ್ಯುತ್ ಖರ್ಚಿಗೆ ಉಳಿಯುವುದು 20. ಹಾಗೆ ಉದ್ರಿ ಕೊಟ್ಟ ಒಂದು ವಸ್ತುವಿನ ಹಣ ಬಾರದೆ ಹೋದರೆ ಅದರ ಅಸಲು 80 ರೂಪಾಯಿ ಮರಳಿ ಪಡೆಯಲು ಮತ್ತೆ ನಾಲ್ಕು ವಸ್ತುಗಳನ್ನು ಮಾರಬೇಕು. ಶೇ. 10 ರಿಯಾಯಿತಿ ಕೊಟ್ಟರೆ ಉಳಿಕೆ 20ರಿಂದ 10ಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಗಳಿಸಲು ಮಾರಾಟ ಇಮ್ಮಡಿಯಾಗಬೇಕು. ಸುಗ್ಗಿಯ ನಂತರ ಹಣ ಕಾಣುವ ರೈತಾಪಿ ಪ್ರದೇಶದಲ್ಲಿ ಉದ್ರಿಯನ್ನು ಪೂರ್ಣ ನಿಲ್ಲಿಸುವುದು ಕಷ್ಟ. ಆದರೆ ಪ್ರತಿ ಗಿರಾಕಿಗೂ ಮಿತಿಯಿರಬೇಕು, ಬರಹವಿರಬೇಕು.

ಕುಸಿತದ ಇತರ ಲಕ್ಷಣಗಳು

ಹಳೆಯ ದಾಸ್ತಾನು ಕಪಾಟಿನಲ್ಲಿ ಕೊಳೆಯುವುದು, ಮುಖ ನೋಡಿ ಬೆಲೆ ಹೇಳುವುದು, ತೂಕದಲ್ಲಿ ಕೈಚಳಕ, ಮಾರಿದ ದೋಷಯುಕ್ತ ವಸ್ತುವನ್ನು ಮರಳಿ ಪಡೆಯಲು ತಕರಾರು, ಮನೆಯ ಖರ್ಚಿಗೂ ಅಂಗಡಿಯ ಹಣಕ್ಕೂ ಗೆರೆಯಿಲ್ಲದಿರುವುದು. ಇವುಗಳಲ್ಲಿ ಯಾವುದೂ ಒಂದೇ ದಿನದಲ್ಲಿ ಅಂಗಡಿಯನ್ನು ಮುಚ್ಚಿಸುವುದಿಲ್ಲ. ಗಿರಾಕಿ ಜಗಳವಾಡದೆ ಮೌನವಾಗಿ ಮುಂದಿನ ಅಂಗಡಿಗೆ ಹೋಗುತ್ತಾನೆ. ವ್ಯಾಪಾರಿಗೆ ಅದು ತಿಳಿಯುವುದು ತಡವಾಗಿ.

ಮೊಬೈಲ್ ಮೂಲಕ ಮನೆ ಬಾಗಿಲಿಗೇ ಸರಕು ಬರುತ್ತಿರುವಾಗ ಬೆಲೆಯೊಂದರಿಂದಲೇ ಸೆಣಸುವುದು ಸಣ್ಣ ಅಂಗಡಿಗೆ ದುಸ್ಸಾಧ್ಯ. ಮುಟ್ಟಿ ನೋಡುವ ಅವಕಾಶ, ಬಳಸುವ ಬಗೆಯನ್ನು ತೋರಿಸುವ ವ್ಯವಧಾನ, ಕೆಟ್ಟರೆ ನಾಳೆಯೇ ಬಂದು ಕೇಳಬಹುದೆಂಬ ಭರವಸೆ ಇವೇ ಅದರ ಬಂಡವಾಳ. ಸೈಕಲ್ ಮಾರುವ ಮುನ್ನ ಸವಾರಿ ಕಲಿಸಿದ ಬೆಳಗಾವಿಯ ಆ ಅಂಗಡಿ ಮಾಡಿದ್ದೂ ಇದನ್ನೇ.