ಪ್ಯಾಕೆಟ್ ನಷ್ಟ (ಮನೆಯ ವೈಫೈಯಲ್ಲಿ)

ಜಾಲದಲ್ಲಿ ದತ್ತಾಂಶವು ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಸಾಗುತ್ತದೆ. ಅವುಗಳಲ್ಲಿ ಕೆಲವು ಗುರಿ ಮುಟ್ಟದೆ ಹೋಗುವುದೇ ಪ್ಯಾಕೆಟ್ ನಷ್ಟ. ವೆಬ್ ಪುಟ ತೆರೆಯುವಾಗ ಕಳೆದ ತುಣುಕನ್ನು ಟಿಸಿಪಿ ಎಂಬ ಸಾಗಣೆ ನಿಯಮಾವಳಿ ಮತ್ತೆ ತರಿಸಿಕೊಳ್ಳುತ್ತದೆ. ತುಸು ತಡವಾಗುತ್ತದೆ, ಅಷ್ಟೆ. ವಿಡಿಯೊ ಕರೆಯಲ್ಲಿ ಅದಕ್ಕೆ ಪುರಸೊತ್ತಿಲ್ಲ: ಮಾತು ತುಂಡಾಗುತ್ತದೆ, ಮುಖ ಚೌಕಚೌಕವಾಗಿ ಒಡೆಯುತ್ತದೆ.

ದೋಷ ಮನೆಯೊಳಗಿದೆಯೋ ಹೊರಗಿನ ಲೈನಿನಲ್ಲಿದೆಯೋ ಎಂದು ಬೇರ್ಪಡಿಸುವುದೇ ಪರಿಶೀಲನೆಯ ತಿರುಳು. ಅದಕ್ಕೆ 1983ರಲ್ಲಿ ಮೈಕ್ ಮೂಸ್ ಬರೆದ, ಪ್ಯಾಕೆಟ್ ಕಳಿಸಿ ಮರಳಿ ಬಂದ ಉತ್ತರಗಳನ್ನು ಎಣಿಸುವ ‘ಪಿಂಗ್’ ಎಂಬ ಪ್ರೋಗ್ರಾಂ ಇಂದಿಗೂ ಸಾಕು. ಮೊದಲು ರೂಟರ್‌ಗೇ (ಹಲವು ಮನೆಗಳಲ್ಲಿ ಅದರ ವಿಳಾಸ 192.168.1.1) ಪಿಂಗ್ ಮಾಡಬೇಕು. ವಿಂಡೋಸ್ ತಾನಾಗಿ ಕಳಿಸುವುದು 4 ಪ್ಯಾಕೆಟ್ ಮಾತ್ರ. ಅಷ್ಟರಿಂದ ಏನೂ ತಿಳಿಯದು, 100 ಆದರೂ ಕಳಿಸಬೇಕು. ವೈಫೈಯಲ್ಲಿ ಕಂಡ ನಷ್ಟ ಕೇಬಲ್ ಸಿಕ್ಕಿಸಿದೊಡನೆ ನಿಂತರೆ ತೊಂದರೆ ಗಾಳಿಯಲ್ಲಿದೆ ಎಂದರ್ಥ.

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನೆರೆಮನೆಗಳ ರೂಟರ್, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಇಕ್ಕಟ್ಟಾಗಿ ಕೂತಿರುತ್ತವೆ. ಅನ್ನ ಬಿಸಿಮಾಡುವ ಎರಡು ನಿಮಿಷ ಮಾತ್ರ ಕರೆ ಕಡಿದುಹೋಗುತ್ತಿದ್ದರೆ ಒಲೆಯನ್ನೇ ಶಂಕಿಸಬೇಕು. ಈ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11. ಅಪಾರ್ಟ್‌ಮೆಂಟ್‌ಗಳಲ್ಲಿ 5 ಗಿಗಾಹರ್ಟ್ಸ್‌ಗೆ ಬದಲಾಯಿಸುವುದೇ ಮೇಲು, ಆದರೆ ಅದು ಗೋಡೆ ದಾಟುವಲ್ಲಿ ದುರ್ಬಲ. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಅಡಗಿಸಿಟ್ಟ ರೂಟರನ್ನು ಹೊರತೆಗೆದು ಎತ್ತರದಲ್ಲಿಡುವುದು ಖರ್ಚಿಲ್ಲದ ಮದ್ದು.

ಕೇಬಲ್ ಹಾಕಿದ ಮೇಲೂ ಹೊರಗಿನ ವಿಳಾಸಗಳಿಗೆ ನಷ್ಟ ಮುಂದುವರಿದರೆ, ಪಿಂಗ್ ಫಲಿತಾಂಶವನ್ನು ಹೊತ್ತಿನ ಸಮೇತ ಬರೆದಿಟ್ಟು ಸೇವಾದಾತರಿಗೆ ದೂರು ಕೊಡಿ.