ಬಾಗಿಲಿಗೆ ಅಂಟಿಸಿದ ಸಮನ್ಸು

ವಿಚ್ಛೇದನದ ಹಕ್ಕು ಬೇರೆ, ಊರು ಬಿಟ್ಟು ಹೋಗಿ ಕಾಗದಕ್ಕೂ ಉತ್ತರ ಬರೆಯದ ಗಂಡನಿಗೆ ಸಮನ್ಸು ಮುಟ್ಟಿಸುವುದೇ ಬೇರೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಕಡೆಯ ಹಿಂದೂ ಹೆಂಗಸರಿಗೆ ಆ ಹಕ್ಕು ಕೊಟ್ಟದ್ದು ಮುಂಬಯಿ ಪ್ರಾಂತದ 1947ರ ಕಾನೂನು. (ಸೋಡಚೀಟಿಯ ರೂಢಿಯಿದ್ದ ಜಾತಿಗಳ ಮಾತು ಬೇರೆ.) 1955ರಲ್ಲಿ ಕೇಂದ್ರದ ಹಿಂದೂ ವಿವಾಹ ಕಾಯಿದೆ ಬಂತು. ಗಂಡನೋ ಮುಂಬಯಿಯ ಯಾವ ಚಾಳಿನಲ್ಲೋ!

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆ ದಾರಿಯಿತ್ತು. ಪ್ರತಿವಾದಿ ಸಿಗದಿದ್ದರೆ ಅಮೀನನು ಅವನ ಮನೆಯ ವಯಸ್ಕ ಗಂಡಸಿನ ಕೈಗೆ ಸಮನ್ಸು ಕೊಡಬಹುದಿತ್ತು. ತಾಯಿ ಬಾಗಿಲಲ್ಲೇ ನಿಂತಿದ್ದರೂ ಲೆಕ್ಕಕ್ಕಿಲ್ಲ! ಹೆಂಗಸರನ್ನೂ ಸೇರಿಸಿದ್ದು 1976ರ ತಿದ್ದುಪಡಿ. ಯಾರೂ ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸುವುದು. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ, ಕೋರ್ಟಿನಲ್ಲೂ ಅವನು ಕೊನೆಗೆ ವಾಸವಿದ್ದ ಮನೆಗೂ ಅಂಟಿಸಲು ಅಪ್ಪಣೆ, ಇಲ್ಲವೆ ಪತ್ರಿಕೆಯಲ್ಲಿ ಪ್ರಕಟಣೆ. ಪತ್ರಿಕೆಯೆಂದರೆ ದುಡ್ಡು, ಬಡವರಿಗೆ ಅಂಟೇ ಅಗ್ಗ. ಆಗಲೂ ಬಾರದವನ ಮೇಲೆ ಏಕಪಕ್ಷೀಯ ವಿಚಾರಣೆ ನಡೆಯುತ್ತದೆ. ಆದರೆ ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲವೆಂದು ಅವನು ಆಮೇಲೆ ತೋರಿಸಿದರೆ ಡಿಕ್ರಿ ರದ್ದಾಗಬಹುದು. ಆದ್ದರಿಂದ ವಿಳಾಸ ಹುಡುಕುವುದರಲ್ಲಿ ಸೋಮಾರಿತನ ಸಲ್ಲದು.

ಕೋರ್ಟು ಫೀಸಿಗೆ ಗತಿಯಿಲ್ಲದವರನ್ನು ಸಂಹಿತೆ ‘ಪಾಪರ್’ ಎಂದು ಕರೆಯುತ್ತಿತ್ತು. ನಮ್ಮ ‘ಪಾಪರ್ ಚೀಟಿ’ಯ ಪಾಪರೇ. 1976ರಲ್ಲಿ ಅದು ‘ನಿರ್ಗತಿಕ’ ಎಂದಾಯಿತು, ಆಸ್ತಿಯ ಮಿತಿ 100 ರೂಪಾಯಿಯಿಂದ 1000ಕ್ಕೆ ಏರಿತು. ವಕೀಲರ ಖರ್ಚಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ನೆರವಾಯಿತು. ಅದು ಜಾರಿಗೆ ಬಂದದ್ದು 1995ರ ನವೆಂಬರಿನಲ್ಲಿ. ವರಮಾನ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ನೆರವಿನ ಹಕ್ಕಿದೆ.

2003ರಲ್ಲಿ ಹೆಂಡತಿ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದೆಂದಾಯಿತು. ಅದಕ್ಕೆ ಮೊದಲು ಸಾಮಾನ್ಯವಾಗಿ ಮದುವೆಯಾದ ಊರಿಗೋ, ಗಂಡನಿರುವ ಊರಿಗೋ, ಇಬ್ಬರೂ ಕೊನೆಗೆ ಕೂಡಿ ಬಾಳಿದ ಊರಿಗೋ ಅವಳೇ ಟಿಕೀಟು ತೆಗೆಸಬೇಕಿತ್ತು.