ಎರೆನೆಲದ ಮೇಲೆ ಕಾಂಕ್ರೀಟು ಮನೆ: ಕೊಳ್ಳೇಗಾಲ ಸೀಮೆಯ ಗೃಹನಿರ್ಮಾಣವನ್ನು ಕುರಿತ ಕೆಲವು ವಿಚಾರಗಳು

ಈಗ ಹನೂರು ತಾಲ್ಲೂಕಿಗೆ ಸೇರಿರುವ ಬಂಡಳ್ಳಿಯೂ ಅದರ ಸುತ್ತಣ ಹಳ್ಳಿಗಳೂ ಮೊದಲು ಕೊಳ್ಳೇಗಾಲ ತಾಲ್ಲೂಕಿನ ಅಂಗಗಳಾಗಿದ್ದುವು. ಆ ತಾಲ್ಲೂಕಾದರೋ ೧೭೯೯ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಇಂಗ್ಲಿಷರ ವಶವಾಗಿ, ಕೊಯಮತ್ತೂರು ಜಿಲ್ಲೆಯೊಡನೆ ಮದರಾಸು ಆಧಿಪತ್ಯಕ್ಕೆ ಸೇರಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಮರಳಿತು. ನೆರೆಯ ಯಳಂದೂರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರಿನಲ್ಲಿಯೇ ಉಳಿದಿತ್ತು. ಈ ಸೀಮೆಯ ರಾಜಕೀಯ ಚರಿತ್ರೆಯನ್ನು ಬರೆಯುವುದು ನಮ್ಮ ಉದ್ದೇಶವಲ್ಲ. ನಾವು ಇಲ್ಲಿ ಎತ್ತಿಕೊಂಡಿರುವುದು ಒಂದು ಸಾಮಾನ್ಯ ಸಂಗತಿ: ಸಿಮೆಂಟು, ಕಬ್ಬಿಣ, ಜಲ್ಲಿಗಳಿಂದ ಭದ್ರವಾಗಿ ಕಟ್ಟಿದ ಮನೆಯು ಎರಡು ಮೂರು ಮಳೆಗಾಲಗಳು ಕಳೆಯುವಷ್ಟರಲ್ಲಿ ಬಾಗಿಲು ಕಿಟಕಿಗಳ ಮೂಲೆಗಳಿಂದ ಓರೆಯಾಗಿ ಬಿರುಕು ಬಿಡುವುದೇಕೆ?

ಮನೆಯವರು ಸಿಮೆಂಟನ್ನು ದೂರುತ್ತಾರೆ. ಮೇಸ್ತ್ರಿಯು ಮರಳನ್ನು ದೂರುತ್ತಾನೆ. ಇಬ್ಬರ ಮಾತಿನಲ್ಲಿಯೂ ಒಮ್ಮೊಮ್ಮೆ ಸತ್ಯಾಂಶ ಉಂಟು. ಆದರೆ ಬಹುಪಾಲು ಸಂದರ್ಭಗಳಲ್ಲಿ ದೋಷವು ನೆಲದಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಆ ನೆಲಕ್ಕೆ ಇಳಿಯುವ ನೀರಿನಲ್ಲಿಯೂ ಇರುವುದೆಂದು ನಮ್ಮ ಅಭಿಪ್ರಾಯ.

ಈ ಸೀಮೆಯಲ್ಲಿ ಕೆಂಪು ಮಣ್ಣು ವಿಶೇಷ. ತಗ್ಗುಗಳಲ್ಲಿಯೂ ಕೆರೆ ಹಳ್ಳಗಳ ಮಗ್ಗುಲಲ್ಲಿಯೂ ಕಪ್ಪು ಎರೆಮಣ್ಣು ಹಾಸಿಕೊಂಡಿರುತ್ತದೆ. ಎರೆಮಣ್ಣಿನ ಸೂಕ್ಷ್ಮ ಕಣಗಳಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ಪ್ರಧಾನವಾದುದು. ಅದು ತನ್ನ ಪದರಗಳ ನಡುವೆ ನೀರನ್ನು ಸೇರಿಸಿಕೊಂಡು ಉಬ್ಬುವುದು. ನೀರು ಆರಿದೊಡನೆ ಕುಗ್ಗುವುದು. ಬೇಸಗೆಯಲ್ಲಿ ಎರೆಹೊಲವು ಕೈ ಹೋಗುವಷ್ಟು ಸೀಳು ಬಿಟ್ಟಿರುವುದನ್ನು ಕಾಣದ ರೈತನಿಲ್ಲ. ಇಲ್ಲಿಯ ಮಳೆಯು ಮಲೆನಾಡಿನ ಮಳೆಯಂತೆ ತಿಂಗಳುಗಟ್ಟಲೆ ಬಿಡದೆ ಹಿಡಿಯುವುದಲ್ಲ. ವೈಶಾಖದ ಗುಡುಗಿನ ಮಳೆಯೊಂದು, ಹಸ್ತ ಚಿತ್ತೆಗಳ ಮಳೆಯೊಂದು. ಸಂಕ್ರಾಂತಿಯಿಂದ ಯುಗಾದಿಯವರೆಗೆ ಬಹುತೇಕ ಒಣಗಾಲ. ಸದಾ ತೇವವಾಗಿರುವ ಜೇಡಿನೆಲಕ್ಕಿಂತ, ಹೀಗೆ ನೆನೆದು ಆರಿ ಮತ್ತೆ ನೆನೆಯುವ ನೆಲವೇ ಕಟ್ಟಡಕ್ಕೆ ಹೆಚ್ಚು ಅಪಾಯಕಾರಿ. ಇದಲ್ಲದೆ, ಎರೆಮಣ್ಣಿನ ಉಬ್ಬುವ ಒತ್ತಡವು ಭಾರವಾದ ಕಟ್ಟಡಕ್ಕಿಂತ ಹಗುರವಾದ ಕಟ್ಟಡವನ್ನೇ ಹೆಚ್ಚು ಕಾಡುವುದು. ಕಲ್ಲಿನ ದೇವಾಲಯವು ತನ್ನ ತೂಕದಿಂದ ನೆಲವನ್ನು ಅದುಮಿ ಹಿಡಿಯಬಲ್ಲುದು. ಒಂದಂತಸ್ತಿನ ಸಣ್ಣ ಮನೆಯನ್ನು ನೆಲವೇ ಎತ್ತಿಬಿಡುವುದು. ಬಡವನ ಮನೆಗೆ ಬಿರುಕು ಮೊದಲು ಬರುವುದಕ್ಕೆ ಇದೂ ಒಂದು ಕಾರಣ.

ಹಿಂದಿನವರು ಈ ಖನಿಜದ ಹೆಸರನ್ನು ಅರಿತವರಲ್ಲ. ಆದರೆ ಅವರ ಮನೆಯ ರಚನೆಯನ್ನು ಗಮನಿಸಿದರೆ, ನೀರನ್ನು ಗೋಡೆಬುಡದಿಂದ ದೂರವಿಡುವ ಉಪಾಯವು ಅದರಲ್ಲಿ ಅಡಗಿರುವುದು ಕಾಣುತ್ತದೆ. ಗೋಡೆಗೆ ಎರೆಮಣ್ಣನ್ನು ಬಳಸದೆ, ಕೆಂಪು ಮಣ್ಣನ್ನು ತಂದು ಹುಲ್ಲು ಸೇರಿಸಿ ತುಳಿದು ಹದಮಾಡುತ್ತಿದ್ದರು. ಪಾಯವನ್ನು ಅಗಲವಾಗಿ ತೋಡಿ ದಪ್ಪಗಲ್ಲುಗಳನ್ನು ಹಾಕುತ್ತಿದ್ದರು. ಗೋಡೆಯ ಮುಂದೆ ಎತ್ತರವಾದ ಜಗಲಿ. ಜಗಲಿಯನ್ನೂ ದಾಟಿ ಮುಂಚಾಚಿದ ಸೂರು. ನಾಡಹೆಂಚಿನಿಂದ ಇಳಿದ ಮಳೆನೀರು ಗೋಡೆಯಿಂದ ನಾಲ್ಕೈದು ಅಡಿ ಆಚೆ ಬಿದ್ದು ಬೀದಿಯ ಕಡೆಗೆ ಹರಿಯುತ್ತಿತ್ತು. ಜಗಲಿಯನ್ನು ನಾವು ಅತಿಥಿಗಳು ಕುಳಿತುಕೊಳ್ಳುವ ಸ್ಥಳವೆಂದೇ ಬಗೆಯುತ್ತೇವೆ. ಗೋಡೆಬುಡದ ಮಣ್ಣಿಗೆ ಮಳೆಯನ್ನೂ ಬಿಸಿಲನ್ನೂ ತಾಗದಂತೆ ಮುಚ್ಚುವುದು ಅದರ ಮತ್ತೊಂದು ಕಾರ್ಯ. ಕಟ್ಟಡದ ದೃಷ್ಟಿಯಿಂದ ಇದೇ ಮುಖ್ಯವಾದುದು. ನೆಲವು ಸ್ವಲ್ಪ ಅಲುಗಿದರೂ ಮಣ್ಣಿನ ಗೋಡೆ ಅಲ್ಲಲ್ಲಿ ಸಣ್ಣಗೆ ಸೀಳುವುದು, ಹಬ್ಬಕ್ಕೆ ಮುಂಚೆ ಅದನ್ನು ಮೆತ್ತಿ ಸಾರಿಸುವರು. ಹೆಂಚಿನ ಮಾಡು ಬಿಡಿಬಿಡಿಯಾದುದರಿಂದ ಅದಕ್ಕೆ ಅಂಥ ಹಾನಿಯಿಲ್ಲ.

ಹಳೆಯದೆಲ್ಲವೂ ಉತ್ತಮವೆಂಬ ಭ್ರಮೆ ನಮಗಿಲ್ಲ. ಉಳಿದ ಮನೆಗಳನ್ನು ಮಾತ್ರ ನಾವು ಇಂದು ನೋಡುತ್ತಿದ್ದೇವೆ. ಕುಸಿದ ಮನೆಗಳು ಲೆಕ್ಕಕ್ಕೆ ಬರುವುದಿಲ್ಲ. ಜಡಿಮಳೆಯಲ್ಲಿ ಮಣ್ಣಿನ ಗೋಡೆ ನೆನೆದು ಮಲಗಿದ್ದವರ ಮೇಲೆ ಬಿದ್ದ ದುರಂತಗಳು ಹಳ್ಳಿಗಳಿಗೆ ಹೊಸವಲ್ಲ. ಕಾಂಕ್ರೀಟನ್ನು ಜನರು ಆದರದಿಂದ ಬರಮಾಡಿಕೊಂಡುದು ಈ ಭಯದಿಂದಲೇ.

ಉಳ್ಳವರ ಕಟ್ಟಡಗಳಲ್ಲಿ ಗಾರೆಯ ಬಳಕೆ ಇದ್ದಿತು. ಎರೆನೆಲದಲ್ಲಿ ದೊರೆಯುವ ಸುಣ್ಣದ ಹರಳನ್ನು ಸುಟ್ಟು ಸುಣ್ಣ ಮಾಡುವುದು ದಕ್ಷಿಣದಲ್ಲೆಲ್ಲ ರೂಢಿಯಾಗಿತ್ತು. ಗೋಡೆಯನ್ನು ಸೀಳುವ ಮಣ್ಣೇ ಗೋಡೆಯನ್ನು ಬಂಧಿಸುವ ವಸ್ತುವನ್ನೂ ಕೊಡುತ್ತಿತ್ತೆಂಬುದು ಸ್ವಾರಸ್ಯಕರ. ತಾರಸಿಯ ಗಾರೆಗೆ ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನು ಬೆರೆಸಿ ದಿನಗಟ್ಟಲೆ ಬಡಿಯುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಂಗ್ರಹಿಸುವ ಕಾಡುತ್ಪನ್ನಗಳಲ್ಲಿ ಅಳಲೆಯೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನೂ ಸುಣ್ಣ ಮತ್ತು ಸುರ್ಕಿಗಳ ಗಾರೆಯಿಂದಲೇ ಕಟ್ಟಲಾಯಿತು. ಭಾರತದಲ್ಲಿ ಸಿಮೆಂಟಿನ ಯಶಸ್ವಿಯಾದ ತಯಾರಿಕೆ ೧೯೧೪ರಲ್ಲಿ ಪೋರಬಂದರಿನಲ್ಲಿ ಮೊದಲಾಯಿತು. ಕೊಯಮತ್ತೂರಿನ ಬಳಿಯ ಮಧುಕ್ಕರೈಯಲ್ಲಿ ೧೯೩೪ರಲ್ಲಿ ಕಾರ್ಖಾನೆಯೊಂದು ಏರ್ಪಟ್ಟಿತು. ಮೈಸೂರು ಸಂಸ್ಥಾನದ ಭದ್ರಾವತಿಯಲ್ಲಿ ಅದೇ ದಶಕದ ಕೊನೆಯ ಭಾಗದಲ್ಲಿ ಸಿಮೆಂಟು ತಯಾರಾಗತೊಡಗಿತು. ಹೀಗೆ ಕೊಳ್ಳೇಗಾಲವು ತನ್ನದೇ ಜಿಲ್ಲೆಯಲ್ಲಿ ಸಿಮೆಂಟಿನ ಕಾರ್ಖಾನೆಯನ್ನು ಪಡೆದಿದ್ದಿತಾದರೂ ನಡುವೆ ದಿಂಬಂ ಘಟ್ಟವಿದ್ದಿತು. ಸ್ವಾತಂತ್ರ್ಯಾನಂತರ ಸಿಮೆಂಟಿನ ಹಂಚಿಕೆ ಸರ್ಕಾರದ ಹತೋಟಿಯಲ್ಲಿ ನಡೆಯಿತು. ೧೯೮೨ರಲ್ಲಿ ಆ ಹತೋಟಿ ಭಾಗಶಃ ಸಡಿಲವಾಗಿ ೧೯೮೯ರಲ್ಲಿ ಪೂರ್ಣವಾಗಿ ತೊಲಗಿತು. ಹಳ್ಳಿಗಳಲ್ಲಿ ಕಾಂಕ್ರೀಟು ತಾರಸಿಯು ಸಾಮಾನ್ಯವಾದುದು ಆ ಬಳಿಕವೇ ಎಂಬುದನ್ನು ಮರೆಯಬಾರದು.

೧೯೭೦ರ ದಶಕದ ಜನತಾ ಮನೆಗಳು, ೧೯೮೫ರ ಇಂದಿರಾ ಆವಾಸ್ ಯೋಜನೆ, ೧೯೯೦ರ ದಶಕದ ಆಶ್ರಯ ಮನೆಗಳು, ೨೦೧೬ರಿಂದ ಪ್ರಧಾನ ಮಂತ್ರಿ ಆವಾಸ್ ಯೋಜನೆ: ಹೀಗೆ ಒಂದರ ಹಿಂದೊಂದು ಬಂದ ಯೋಜನೆಗಳಿಂದ ಅನೇಕ ಕುಟುಂಬಗಳಿಗೆ ಸೂರು ದೊರೆಯಿತು. ಕೊನೆಯದರಲ್ಲಿ ಮನೆಯ ಕನಿಷ್ಠ ವಿಸ್ತಾರ ೨೫ ಚದರ ಮೀಟರು. ಇಷ್ಟು ಕಿರಿದಾದ ಮನೆಯಲ್ಲಿ, ಇಕ್ಕಟ್ಟಾದ ನಿವೇಶನದಲ್ಲಿ, ಜಗಲಿಗೆ ಎಡೆಯೆಲ್ಲಿ? ಸೂರು ಹೋಗಿ ಗೇಣುದ್ದದ ಸಜ್ಜೆ ಉಳಿಯಿತು. ತಾರಸಿಯ ನೀರು ಕೊಳವೆಯಿಂದ ಗೋಡೆಬುಡಕ್ಕೇ ಬೀಳತೊಡಗಿತು. ಬಚ್ಚಲ ನೀರು ಒಂದು ಮೂಲೆಯಲ್ಲಿ ವರ್ಷವೆಲ್ಲಾ ಇಂಗುವುದು. ಆ ಮೂಲೆಯ ಎರೆಮಣ್ಣು ಉಬ್ಬಿಯೇ ಇರುವುದು. ಎದುರು ಮೂಲೆಯಲ್ಲಿ ಬೇವಿನ ಮರವಿದ್ದರೆ ಅದರ ಬೇರು ಅಲ್ಲಿಯ ತೇವವನ್ನೆಲ್ಲ ಹೀರಿ ನೆಲವನ್ನು ಕುಗ್ಗಿಸುವುದು. ಒಂದು ಮೂಲೆ ಏರಿ ಇನ್ನೊಂದು ಇಳಿದರೆ ಬಾಗದ ಕಾಂಕ್ರೀಟು ತಾರಸಿಯ ಕೆಳಗೆ ಗೋಡೆಯು ಸೀಳದೆ ಏನು ಮಾಡೀತು? ನಮ್ಮ ಕುಟುಂಬದ ಮನೆಯೊಂದರಲ್ಲಿಯೇ ಬಚ್ಚಲ ಮಗ್ಗುಲಿನ ಬಿರುಕನ್ನು ಮೂರು ಸಲ ಸಿಮೆಂಟಿನಿಂದ ಮುಚ್ಚಿಸಿ, ನಾಲ್ಕನೆಯ ಸಲ ನೀರನ್ನು ದೂರ ಸಾಗಿಸಿದ ಮೇಲೆ ಅದು ನಿಂತುದನ್ನು ನಾವು ಬಲ್ಲೆವು.

ವಿಜ್ಞಾನಿಗಳು ಈ ಸಮಸ್ಯೆಯನ್ನು ಅಲಕ್ಷಿಸಿರಲಿಲ್ಲ. ೧೯೪೭ರಲ್ಲಿ ರೂರ್ಕಿಯಲ್ಲಿ ಸ್ಥಾಪಿತವಾದ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳ ಪಾಯವನ್ನು ರೂಪಿಸಿತು. ಬೈರಿಗೆಯಿಂದ ಸುಮಾರು ೩.೫ ಮೀಟರು ಆಳಕ್ಕೆ ಕುಳಿ ಕೊರೆದು, ತಳವನ್ನು ಕಂಬದ ವ್ಯಾಸದ ೨.೫ ಪಟ್ಟು ಅಗಲಿಸಿ ಕಾಂಕ್ರೀಟು ತುಂಬುವುದು ಇದರ ಕ್ರಮ. ತೇವದ ಏರಿಳಿತ ತಲುಪದ ಆಳದಲ್ಲಿ ಗಡ್ಡೆಯು ಕಚ್ಚಿಕೊಂಡಿರುವುದರಿಂದ ಮೇಲಿನ ಮಣ್ಣು ಉಬ್ಬಿದರೂ ಕಂಬವು ಏಳದು. ಇನ್ನೊಂದು ದಾರಿಯನ್ನು ತೋರಿಸಿದವರು ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು. ಎರೆಮಣ್ಣಿನ ಮೇಲೆ ಸುಮಾರು ೧ ಮೀಟರು ದಪ್ಪಕ್ಕೆ, ಅಂಟುಗುಣವಿದ್ದರೂ ಉಬ್ಬದಂಥ ಮಣ್ಣನ್ನು ಹದವಾಗಿ ಅಡಕಿದರೆ ಅಡಿಯ ಮಣ್ಣಿನ ಉಬ್ಬರವು ಅಡಗುವುದೆಂದು ಅವರು ಪ್ರಯೋಗಗಳಿಂದ ತೋರಿಸಿದರು. ಮಲಪ್ರಭಾ ಕಾಲುವೆಗಳಲ್ಲಿ ಈ ಕ್ರಮವು ಉಪಯೋಗಕ್ಕೆ ಬಂದಿತು. ಕಂಬದ ಪಾಯವು ಶಾಲೆ ಆಸ್ಪತ್ರೆಗಳಿಗೆ ಯುಕ್ತವಾದರೂ, ಸಣ್ಣ ಮನೆಗೆ ಬೇಕಾದ ಬೈರಿಗೆಯೂ ಪಳಗಿದ ಕೈಯೂ ಹಳ್ಳಿಯಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಕೆಂಪು ಗರಸು ಹತ್ತಿರದಲ್ಲಿಯೇ ಸಿಕ್ಕುವ ಈ ಸೀಮೆಗೆ ಎರಡನೆಯ ಮಾರ್ಗವೇ ಹೆಚ್ಚು ಸಮೀಪದ್ದೆಂದು ನಮಗೆ ತೋರುತ್ತದೆ. ಆದರೆ ಪಾಯದ ಕುಳಿಗೆ ಬರಿಯ ಮರಳನ್ನು ತುಂಬಿ ಬಿಟ್ಟರೆ ಸಾಲದು; ಮೇಲಿನಿಂದ ನೀರು ಬಂದಲ್ಲಿ ಆ ಮರಳೇ ಅದನ್ನು ಅಡಿಯ ಎರೆಮಣ್ಣಿಗೆ ಉಣಿಸುವ ತೊಟ್ಟಿಯಾಗುವುದು.

ಇನ್ನು ಕಾಂಕ್ರೀಟಿನ ವಿಚಾರ. ೨೦೦೦ದ ಭಾರತೀಯ ಮಾನಕ ೪೫೬ರ ಪ್ರಕಾರ ಕಂಬಿ ಹಾಕಿದ ಕಾಂಕ್ರೀಟು ಎಂ ೨೦ ದರ್ಜೆಗಿಂತ ಕಡಿಮೆಯಿರಬಾರದು. ಮಳೆಗೆ ಒಡ್ಡಿದ ಭಾಗಗಳಿಗೆ ಎಂ ೨೫ ದರ್ಜೆಯೂ, ಘನ ಮೀಟರಿಗೆ ಕನಿಷ್ಠ ೩೦೦ ಕಿಲೋಗ್ರಾಂ ಸಿಮೆಂಟೂ, ಕಂಬಿಯ ಮೇಲೆ ೩೦ ಮಿಲಿಮೀಟರು ಹೊದಿಕೆಯೂ ಬೇಕು. ಹಳೆಯ ೧:೨:೪ರ ಬೆರಕೆಯು ಈ ಮಟ್ಟವನ್ನು ಮುಟ್ಟುವುದಿಲ್ಲವಾದರೂ ಮೇಸ್ತ್ರಿಗಳ ಬಾಯಲ್ಲಿ ಇಂದಿಗೂ ಅದೇ ಲೆಕ್ಕ. ಎಂ ೨೦ರ ರೂಢಿಯ ಬೆರಕೆಯಲ್ಲಿ ೫೦ ಕಿಲೋ ಸಿಮೆಂಟಿನ ಮೂಟೆಗೆ ೩೦ ಲೀಟರಿಗಿಂತ ಹೆಚ್ಚು ನೀರು ಸಲ್ಲದು. ಮಳೆಗಾಲದಲ್ಲಿ ಮರಳು ತಾನೇ ನೀರನ್ನು ಹೊತ್ತು ಬರುವುದು. ಅದನ್ನು ಕಳೆಯದೆ ಬೇಸಗೆಯಷ್ಟೇ ನೀರನ್ನು ಸುರಿದರೆ ಕಾಂಕ್ರೀಟು ತೆಳುವಾಗಿ, ಆರಿದ ಮೇಲೆ ಸೂಕ್ಷ್ಮರಂಧ್ರಗಳಿಂದ ತುಂಬುವುದು. ಆ ರಂಧ್ರಗಳ ಮೂಲಕ ತೇವವು ಕಂಬಿಗೆ ತಲುಪಿ, ತುಕ್ಕು ಉಬ್ಬಿ, ಚಾವಣಿಯ ಅಡಿಭಾಗ ಹಕ್ಕಳೆಯಾಗಿ ಉದುರುವುದು. ಮತ್ತೊಂದು ತೊಡಕೆಂದರೆ, ಅಲ್ಪ ತೇವದ ಮರಳು ಅರಳಿ, ಒಣ ಮರಳಿಗಿಂತ ನಾಲ್ಕನೆಯ ಒಂದು ಪಾಲಿನಷ್ಟು ಹೆಚ್ಚು ಜಾಗವನ್ನು ಹಿಡಿಯುವುದುಂಟು. ಬಾಣಲೆಯ ಅಳತೆಯನ್ನು ನಂಬಿದರೆ ಮರಳು ಕಡಿಮೆ ಬೀಳುವುದು. ಮಳೆ ಬಂದಿತೆಂದು ನೀರುಣಿಸುವುದನ್ನು ಬಿಡುವುದೂ ತಪ್ಪು. ಹಸ್ತದ ಒಂದು ಹದಮಳೆಯ ಮರುದಿನವೇ ಬಿಸಿಲು ಕಾಯಬಹುದು. ಏಳು ದಿನವಾದರೂ ಕಾಂಕ್ರೀಟು ಆರಗೊಡದಂತೆ ನೋಡಿಕೊಳ್ಳಬೇಕು.

ಕಟ್ಟುವ ಕಾಲವೂ ವಿಚಾರಾರ್ಹವಾದುದು. ಸುಗ್ಗಿಯ ಹಣ ಕೈಗೆ ಬಂದ ಮೇಲೆ, ಮಾಘದಿಂದ ಚೈತ್ರದವರೆಗೆ, ಹಳ್ಳಿಯವರು ಪಾಯ ತೋಡುವರು. ಕುಳಿಯ ಬದಿ ಕುಸಿಯದು, ಕೆಲಸ ಸುಗಮ. ಕೈಪಿಡಿಗಳೂ ಇದನ್ನೇ ವಿಧಿಸುತ್ತವೆ. ಆದರೆ ಎರೆಮಣ್ಣು ಅತ್ಯಂತ ಕುಗ್ಗಿರುವುದೂ ಆಗಲೇ. ಆದುದರಿಂದ ಮೊದಲ ಮಳೆಗೆ ಅದು ಉಬ್ಬುವುದೆಂಬುದನ್ನು ಮುಂದಾಗಿಯೇ ತಿಳಿದು, ಮಳೆಗೆ ಮುನ್ನ ಪಾಯದ ಬದಿಗಳನ್ನು ಗರಸಿನಿಂದ ಅಡಕಿ ಮುಚ್ಚಿ, ಗೋಡೆಯ ಸುತ್ತ ಒಂದೂವರೆ ಎರಡು ಮೀಟರು ಅಗಲಕ್ಕೆ ನೀರಿಳಿಯದ ಹಾಸನ್ನು ಹೊರಗಿಳಿಜಾರಾಗಿ ಹಾಕಬೇಕು. ಜಗಲಿ ಮಾಡುತ್ತಿದ್ದ ಕೆಲಸವನ್ನು ಈ ಹಾಸು ಮಾಡುವುದು. ಸರ್ಕಾರದ ವಸತಿ ಯೋಜನೆಗಳಲ್ಲಿ ಪಾಯ, ಗೋಡೆ, ಚಾವಣಿ ಎಂಬ ಹಂತಗಳನ್ನು ನೋಡಿ ಕಂತಿನ ಹಣವನ್ನು ಕೊಡುವರು. ಮನೆಯವನು ಇದ್ದುದನ್ನೆಲ್ಲ ಚಾವಣಿಗೆ ಸುರಿದು, ಹಾಸನ್ನು ಮುಂದಿನ ವರ್ಷಕ್ಕೆ ಉಳಿಸುವನು. ಎರೆನೆಲದ ಹಳ್ಳಿಗಳಲ್ಲಿಯಾದರೂ ಈ ಹಾಸನ್ನು ಪಾಯದ ಹಂತದಲ್ಲಿಯೇ ಸೇರಿಸಿ ಪರೀಕ್ಷಿಸುವ ಏರ್ಪಾಡು ಸಾಧ್ಯವೇ ಎಂಬುದನ್ನು ಸಂಬಂಧಪಟ್ಟವರು ಯೋಚಿಸಬೇಕಾಗಿದೆ.